ನಗರಸಭೆಯ ಕಾರ್ಯವಿಧಾನವೂ ಪುರವಾಸಿಗಳ ಕರ್ತವ್ಯವೂ

(ಶ್ರೀಮಠದ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)

 

ಈ ಉಪನ್ಯಾಸಮಾಲೆಯಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳನ್ನು ಕುರಿತು ಮಾತನಾಡುವ ವಿದ್ವಾಂಸರು ಅನೇಕರಿರುವರು. ನನಗೆ ಮಾತ್ರ ಸನ್ನಿಧಾನದವರು ಬೇರೊಂದು ವಿಷಯವನ್ನು ಅಪ್ಪಣೆ ಕೊಡಿಸಿದರು: ನಾವು ವಾಸಮಾಡುವ ಊರಿನ ಆಡಳಿತವು ಹೇಗೆ ನಡೆಯುವುದು, ಅದರಲ್ಲಿ ನಮ್ಮ ಪಾತ್ರವೇನು, ಎಂಬುದು. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಹೇಳಿಕೊಂಡು ಬಂದ ನನಗೂ ಗಟಾರ ನಳಗಳಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ನಗಬಹುದು. ಹಿಂದೆ ನಾನೂ ಹಾಗೆಯೇ ನಗುತ್ತಿದ್ದೆನು. ಆ ನಗೆಯು ಹೇಗೆ ನಿಂತಿತೆಂಬುದನ್ನು ಮೊದಲು ಅರಿಕೆಮಾಡಿಕೊಳ್ಳುವೆನು.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ನಗರದಲ್ಲಿ ಪಾಠ ಹೇಳುತ್ತಿದ್ದೆನು. ಊರಿನ ಹೆಸರು ಇಲ್ಲಿ ಬೇಡ. ನಮ್ಮ ವಿದ್ಯಾರ್ಥಿನಿಲಯದ ಓಣಿಯಲ್ಲಿ ಕುಡಿಯುವ ನೀರಿನ ಕೊಳವೆಯು ಗಟಾರದೊಳಗಿಂದಲೇ ಹಾದುಹೋಗಿದ್ದಿತು. ಕೊಳವೆ ಹಳೆಯದು; ಕೂಡಿಕೆಗಳು ಸಡಿಲವಾಗಿದ್ದುವು. ನೆರೆಯ ಹಿರಿಯರೊಬ್ಬರು ಒಂದು ಅರ್ಜಿಯನ್ನು ಬರೆದುಕೊಂಡು ಬಂದು, "ಶಾಸ್ತ್ರಿಗಳೆ, ತಾವೊಂದು ಸಹಿ ಹಾಕಬೇಕು, ನಾಳೆ ವಾರ್ಡಿನ ಸಭೆಗೂ ಬರಬೇಕು," ಎಂದರು. ನಾನು ಸಹಿಯನ್ನೇನೋ ಹಾಕಿದೆನು. ಸಭೆಗೆ ಮಾತ್ರ, "ಪಾಠದ ಹೊತ್ತು, ಬಿಡುವಿಲ್ಲ," ಎಂದು ಹೇಳಿ ಕಳುಹಿದೆನು. ಅಂಥ ಸಭೆಗಳು ನನ್ನಂಥವರಿಗೆ ತಕ್ಕವಲ್ಲವೆಂಬ ಹಮ್ಮು ಒಳಗಿದ್ದಿತು. ಸಭೆಗೆ ಮೂರೇ ಜನ ಹೋದರಂತೆ. ಆ ಮಳೆಗಾಲದಲ್ಲಿ ನಿಲಯದ ಹುಡುಗರಿಗೆ ವಾಂತಿಭೇದಿ ತಗಲಿತು. ಒಬ್ಬ ಬಾಲಕನು ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದನು. ದೇವರ ದಯೆಯಿಂದ ಬದುಕಿದನು. ಹಳ್ಳಿಯಿಂದ ಬಂದ ಅವನ ತಂದೆ ನನ್ನೆದುರಿಗೆ ನಿಂತು ಒಂದೇ ಮಾತು ಕೇಳಿದನು: "ಅಪ್ಪಾವರ, ಆ ನೀರು ಹೊಲಸಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

ಗೊತ್ತಿದ್ದಿತು. ಆ ಪ್ರಶ್ನೆಗೆ ಉತ್ತರ ಕೊಡಲಾರದೆ ತಲೆ ತಗ್ಗಿಸಿದ ದಿನದಿಂದ, ಪಾಣಿನಿಯ ಸೂತ್ರಗಳನ್ನು ಓದಿದ ಕಣ್ಣಿನಿಂದಲೇ ಪುರಾಡಳಿತದ ಕಾನೂನನ್ನೂ ಓದತೊಡಗಿದೆನು. ಅದರಿಂದ ತಿಳಿದುದನ್ನು ಇಂದು ನಿಮ್ಮ ಮುಂದೆ ಇಡುವೆನು.

ಪುರದ ಆಡಳಿತವು ನಮಗೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಗರಿಕನೆಂಬ ಅಧಿಕಾರಿಯ ಕರ್ತವ್ಯಗಳಿಗಾಗಿಯೇ ಒಂದು ಅಧ್ಯಾಯವಿರುವುದು. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು, ಕೆಸರು ನೀರನ್ನು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣ ದಂಡವೆಂದು ಅಲ್ಲಿ ವಿಧಿಸಿದೆ. ನಮ್ಮ ಕನ್ನಡ ಶಾಸನಗಳಲ್ಲಿ ಪಟ್ಟಣಸ್ವಾಮಿ, ನಖರ, ಮಹಾಜನ ಎಂಬ ಹೆಸರುಗಳು ಮೇಲಿಂದ ಮೇಲೆ ಬರುವುವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಗಸರೂ ಮೇದರೂ ಅಂಬಿಗರೂ ಒಂದೇ ಗೋಷ್ಠಿಯಲ್ಲಿ ಕುಳಿತು ವಿಚಾರಮಾಡಿದ ಪರಂಪರೆ ನಮ್ಮದು. ಅದು ಅನುಭಾವದ ಗೋಷ್ಠಿ, ನಗರಸಭೆಯಲ್ಲ. ಎರಡನ್ನೂ ಒಂದೆನ್ನುವುದು ತಪ್ಪಾದೀತು. ಆದರೆ ಎಲ್ಲ ಕಾಯಕದವರಿಗೂ ಮಾತಿನ ಅಧಿಕಾರವುಂಟೆಂಬ ತತ್ವವನ್ನು ಅಲ್ಲಿ ಕಲಿತವರಿಗೆ ಸಭೆಯಲ್ಲಿ ಕುಳಿತುಕೊಳ್ಳುವುದು ಅಪರಿಚಿತವಾಗಬಾರದು.

ಈಗಿನ ರೂಪದ ಪುರಸಭೆಗಳು ಆಂಗ್ಲರ ಆಳಿಕೆಯಲ್ಲಿ ಹುಟ್ಟಿದುವು. 1850ರ ಕಾಯಿದೆಯ ಮೇರೆಗೆ ಹುಬ್ಬಳ್ಳಿಯಲ್ಲಿ 1855ರಲ್ಲಿಯೂ ಧಾರವಾಡದಲ್ಲಿ 1856ರಲ್ಲಿಯೂ ಬೆಂಗಳೂರಿನಲ್ಲಿ 1862ರಲ್ಲಿಯೂ ಮ್ಯುನಿಸಿಪಾಲಿಟಿಗಳು ಸ್ಥಾಪಿತವಾದುವು. ಮೊದಲು ಅವು ಅಧಿಕಾರಿಗಳ ಸಭೆಗಳೇ ಆಗಿದ್ದುವು. ಅಧಿಕಾರಿಗಳಲ್ಲದವರೇ ಅಧಿಕವಾಗಿರಬೇಕೆಂಬ ನಿರ್ಣಯವನ್ನು ಲಾರ್ಡ್ ರಿಪನ್ ಸಾಹೇಬರು 1882ರ ಮೇ 18ರಂದು ಪ್ರಕಟಿಸಿದರು. ತರುವಾಯ ದೇಶದ ದೊಡ್ಡ ದೊಡ್ಡ ನಾಯಕರೆಲ್ಲ ಈ ಗರಡಿಯಲ್ಲಿಯೇ ಸಾಮು ಮಾಡಿದರು. ರಾಜಾಜಿಯವರು ಸೇಲಮ್ ಪುರಸಭೆಗೆ, ವಲ್ಲಭಭಾಯಿ ಪಟೇಲರು ಅಹಮದಾಬಾದಿನ ಪುರಸಭೆಗೆ, ಜವಾಹರಲಾಲ ನೆಹರೂ ಅವರು ಅಲಹಾಬಾದಿನ ಪುರಸಭೆಗೆ ಅಧ್ಯಕ್ಷರಾಗಿದ್ದರು. ನಮ್ಮ ಸಿದ್ದಪ್ಪ ಕಂಬಳಿಯವರು ಹುಬ್ಬಳ್ಳಿಯ ಪುರಸಭೆಗೆ ಅಧ್ಯಕ್ಷರಾಗಿದ್ದರು. ಊರಿನ ಕಸ ನೀರುಗಳ ಚಿಂತೆಯನ್ನು ಇವರು ಕೀಳೆಂದು ಎಣಿಸಲಿಲ್ಲ.

ಸ್ವಾತಂತ್ರ್ಯಾನಂತರ ಬಹುಕಾಲ ಪುರಸಭೆಗಳು ರಾಜ್ಯಸರಕಾರಗಳ ಇಚ್ಛೆಯ ಮೇಲೆಯೇ ನಿಂತಿದ್ದುವು. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಅವುಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು. ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಹೇಳಿರುವುದು: ನಗರಯೋಜನೆ, ರಸ್ತೆ ಸೇತುವೆ, ನೀರು ಪೂರೈಕೆ, ಆರೋಗ್ಯ ನೈರ್ಮಲ್ಯ, ಬೀದಿದೀಪ, ಉದ್ಯಾನ, ಕೊಳೆಗೇರಿಗಳ ಸುಧಾರಣೆ, ಸ್ಮಶಾನ, ಜನನಮರಣಗಳ ನೋಂದಣಿ ಮೊದಲಾದುವು. ಮನುಷ್ಯನ ಹುಟ್ಟಿನಿಂದ ಸಮಾಧಿಯವರೆಗಿನ ಎಷ್ಟೋ ಸಂಗತಿಗಳು ಈ ಪಟ್ಟಿಯಲ್ಲಿ ಅಡಗಿರುವುವು.

ನಮ್ಮ ಕರ್ನಾಟಕದಲ್ಲಿ ಚಿಕ್ಕ ಊರುಗಳಿಗೆ 1964ರ ಪುರಸಭೆಗಳ ಕಾಯಿದೆಯೂ, ದೊಡ್ಡ ನಗರಗಳಿಗೆ 1976ರ ಮಹಾನಗರಪಾಲಿಕೆಗಳ ಕಾಯಿದೆಯೂ ಆಧಾರವಾಗಿರುವುವು. ಬೆಂಗಳೂರಿಗೆ ಮಾತ್ರ ತರುವಾಯ ಪ್ರತ್ಯೇಕ ಕಾಯಿದೆಗಳಾದುವು. ಜನಸಂಖ್ಯೆಯನ್ನು ಅನುಸರಿಸಿ ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ ಎಂದು ಏರುತ್ತ ಹೋಗಿ, ಮೂರು ಲಕ್ಷಕ್ಕೆ ಕಡಮೆಯಿಲ್ಲದ ನಗರಗಳಿಗೆ ಮಹಾನಗರಪಾಲಿಕೆಯಾಗುವುದು. ಹುಬ್ಬಳ್ಳಿ ಧಾರವಾಡಗಳ ಎರಡು ಪುರಸಭೆಗಳು ಕೂಡಿ 1962ರಲ್ಲಿ ಒಂದೇ ಪಾಲಿಕೆಯಾದುದು ನಿಮಗೆ ತಿಳಿದೇ ಇರುವುದು.

ಇನ್ನು ಪಾಲಿಕೆಯ ಅಂಗಗಳನ್ನು ನೋಡುವ. ಊರನ್ನು ವಾರ್ಡುಗಳಾಗಿ ವಿಂಗಡಿಸಿ, ಒಂದೊಂದು ವಾರ್ಡಿನಿಂದ ಒಬ್ಬೊಬ್ಬ ಸದಸ್ಯನನ್ನು ಹದಿನೆಂಟು ವರ್ಷ ತುಂಬಿದ ಮತದಾರರು ಆರಿಸುವರು. ಪರಿಶಿಷ್ಟ ಜಾತಿ ಪಂಗಡಗಳಿಗೂ ಹಿಂದುಳಿದ ವರ್ಗಗಳಿಗೂ ಸ್ಥಾನಗಳು ಮೀಸಲಾಗಿರುವುವು. ಸ್ತ್ರೀಯರಿಗೆ ಸಂವಿಧಾನವು ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದೆ ಕೊಡಬೇಕೆಂದರೆ, ನಮ್ಮ ರಾಜ್ಯದ ಕಾಯಿದೆಯು ಅದನ್ನು ಅರ್ಧದವರೆಗೆ ಏರಿಸಿತು. ಸರಕಾರವು ನಾಮಕರಣ ಮಾಡಿದ ಕೆಲವರೂ ಸಭೆಯಲ್ಲಿ ಕುಳಿತುಕೊಳ್ಳುವರು. ಅವರಿಗೆ ಮಾತುಂಟು, ಮತವಿಲ್ಲ. ಆ ಕ್ಷೇತ್ರದ ಶಾಸಕರೂ ಲೋಕಸಭೆಯ ಸದಸ್ಯರೂ ಸಭೆಗೆ ಸೇರಿದವರೇ. ಸದಸ್ಯರು ತಮ್ಮೊಳಗೆ ಮಹಾಪೌರರನ್ನೂ ಉಪಮಹಾಪೌರರನ್ನೂ ಆರಿಸಿಕೊಳ್ಳುವರು. ಚಿಕ್ಕ ಊರುಗಳಲ್ಲಿ ಇವರಿಗೆ ಅಧ್ಯಕ್ಷ ಉಪಾಧ್ಯಕ್ಷರೆಂದು ಹೆಸರು.

ಸಭೆಯು ಇಷ್ಟಾದರೆ, ಕಾರ್ಯಾಂಗವು ಬೇರೆ. ಪಾಲಿಕೆಗೆ ಆಯುಕ್ತರನ್ನು ನೇಮಿಸುವುದು ರಾಜ್ಯಸರಕಾರ. ನೌಕರರ ಮೇಲ್ವಿಚಾರಣೆ, ತೆರಿಗೆಯ ವಸೂಲಿ, ಠರಾವುಗಳ ಜಾರಿ ಇವೆಲ್ಲ ಅವರ ಕೈಯಲ್ಲಿರುವುವು. ಸಭೆಯು ಠರಾವು ಮಾಡುವುದು, ಆಯುಕ್ತರು ನಡೆಯಿಸುವುದು. ಈ ಭೇದವು ನಮ್ಮ ಜನಕ್ಕೆ ಸಾಮಾನ್ಯವಾಗಿ ತಿಳಿಯದು. ದೀಪವಾರಿದರೆ ಮಹಾಪೌರರನ್ನು ಬಯ್ಯುವರು. ತೆರಿಗೆಯ ದರ ಏರಿದರೆ ಬಿಲ್ಲು ತಂದ ಗುಮಾಸ್ತನನ್ನು ಬಯ್ಯುವರು. ಯಾವ ಕೆಲಸ ಯಾರದೆಂದು ತಿಳಿಯದವನ ಕೋಪವು ಗಾಳಿಗೆ ಗುದ್ದಿದಂತೆ. ನಿತ್ಯದ ಕೊರತೆಗೆ ಕಚೇರಿಯ ಅಧಿಕಾರಿಯ ಬಳಿಗೂ, ನೀತಿ ಮತ್ತು ಹಣದ ಪ್ರಶ್ನೆಗೆ ಸದಸ್ಯರ ಬಳಿಗೂ ಹೋಗತಕ್ಕದ್ದು.

ಪಾಲಿಕೆಯ ಸಾಮಾನ್ಯಸಭೆಯು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ವಿಧಿ. ವಿವರವಾದ ವಿಚಾರಣೆ ನಡೆಯುವುದು ಸ್ಥಾಯೀಸಮಿತಿಗಳಲ್ಲಿ. 1976ರ ಕಾಯಿದೆಯು ನಾಲ್ಕು ಸಮಿತಿಗಳನ್ನು ಹೇಳಿತು: ತೆರಿಗೆ ಹಣಕಾಸು ಮತ್ತು ಅಪೀಲುಗಳದೊಂದು; ಆರೋಗ್ಯ ಶಿಕ್ಷಣ ಮತ್ತು ಸಾಮಾಜಿಕ ನ್ಯಾಯದ್ದೊಂದು; ನಗರಯೋಜನೆ ಮತ್ತು ಅಭಿವೃದ್ಧಿಯದೊಂದು; ಲೆಕ್ಕಪತ್ರಗಳದೊಂದು. ಸಾಮಾನ್ಯಸಭೆಯ ಗದ್ದಲವನ್ನು ಪತ್ರಿಕೆಗಳಲ್ಲಿ ಓದಿ ಪಾಲಿಕೆಯೆಂದರೆ ಇಷ್ಟೇ ಎಂದು ತಿಳಿಯುವವರು, ಸಮಿತಿಯ ಕೋಣೆಯಲ್ಲಿ ನಡೆಯುವ ಮೌನದ ಕೆಲಸವನ್ನು ಅರಿಯರು.

ಒಂದು ಗಟಾರದ ದುರಸ್ತಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಿರಿ. ಮೊದಲು ಅರ್ಜಿ. ಅದರ ಮೇಲೆ ಎಂಜಿನಿಯರರು ಸ್ಥಳ ನೋಡಿ ಖರ್ಚಿನ ಅಂದಾಜುಪಟ್ಟಿ ಮಾಡುವರು. ಆಮೇಲೆ ಆ ವರ್ಷದ ಆಯವ್ಯಯದಲ್ಲಿ ಅದಕ್ಕೆ ಹಣವುಂಟೇ ಎಂಬ ಪ್ರಶ್ನೆ. ಹಣವಿದ್ದರೆ, ಮೊತ್ತವನ್ನು ಅನುಸರಿಸಿ ಆಯುಕ್ತರೋ ಸಮಿತಿಯೋ ಸಾಮಾನ್ಯಸಭೆಯೋ ಮಂಜೂರಿ ಕೊಡತಕ್ಕದ್ದು. ದೊಡ್ಡ ಕೆಲಸವಾದರೆ 1999ರ ಪಾರದರ್ಶಕತಾ ಕಾಯಿದೆಯ ಮೇರೆಗೆ ಟೆಂಡರು ಕರೆಯಬೇಕು. ಗುತ್ತಿಗೆದಾರನು ಕೆಲಸ ಮಾಡುವನು, ಎಂಜಿನಿಯರರು ಅಳತೆ ಬರೆದುಕೊಳ್ಳುವರು, ಬಿಲ್ಲು ಪಾವತಿಯಾಗುವುದು. ಈ ಸರಪಳಿಯ ಯಾವ ಕೊಂಡಿಯಲ್ಲಿಯಾದರೂ ಕಾಗದವು ನಿಂತುಬಿಡಬಹುದು. "ಅರ್ಜಿ ಕೊಟ್ಟೆವು, ಕೆಲಸವಾಗಲಿಲ್ಲ" ಎಂದು ಹೇಳುವವರು, ಕಾಗದವು ಎಲ್ಲಿ ನಿಂತಿದೆ ಎಂದು ವಿಚಾರಿಸುವುದಿಲ್ಲ. ವಿಚಾರಿಸಿದಲ್ಲಿ ಅರ್ಧ ಕೆಲಸವಾದಂತೆ.

ಹಣದ ಮಾತಿಗೆ ಬರುವೆನು. ಮನೆಪಟ್ಟಿಯೆಂದು ನಾವು ಕರೆಯುವ ಆಸ್ತಿತೆರಿಗೆಯೇ ಪಾಲಿಕೆಯ ಸ್ವಂತ ಆದಾಯದಲ್ಲಿ ಮುಖ್ಯವಾದುದು. ಮನೆಯ ಒಡೆಯನು ತಾನೇ ಲೆಕ್ಕ ಮಾಡಿ ಘೋಷಿಸಿ ಸಲ್ಲಿಸುವ ಪದ್ಧತಿಯು ಬಂದಿರುವುದು. ಇದು ಜನರ ಸತ್ಯದ ಮೇಲೆ ವಿಶ್ವಾಸವಿಟ್ಟು ಮಾಡಿದ ಏರ್ಪಾಡು. ತೆರಿಗೆಯೊಡನೆ ಗ್ರಂಥಾಲಯ, ಆರೋಗ್ಯ, ಭಿಕ್ಷುಕರ ಪುನರ್ವಸತಿ ಮೊದಲಾದುವುಗಳಿಗಾಗಿ ಉಪಕರಗಳೂ ಕೂಡುವುವು. ಇದಲ್ಲದೆ ನೀರಿನ ಕರ, ಅಂಗಡಿ ಪರವಾನಿಗೆಯ ಶುಲ್ಕ, ರಾಜ್ಯಸರಕಾರದ ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ ಬರುವುವು. ಎರಡಂತಸ್ತಿನ ಮನೆಯನ್ನು ಒಂದಂತಸ್ತೆಂದು ಬರೆದು, ಅಂಗಡಿಯನ್ನು ವಾಸದ ಮನೆಯೆಂದು ಬರೆದು, ಆಮೇಲೆ ಬೀದಿಯಲ್ಲಿ ದೀಪವಿಲ್ಲವೆಂದು ಗೊಣಗುವವನು ಯಾರನ್ನು ಕದ್ದಂತಾಯಿತು? ತನ್ನನ್ನೇ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ನೆನಪಿಗೆ ಬರುವುದು. ಗಂಡನಾದ ಮಾರಯ್ಯನು ಒಂದು ದಿನ ನಿತ್ಯದ ಅಗತ್ಯಕ್ಕಿಂತ ಅಧಿಕವಾದ ಅಕ್ಕಿಯನ್ನು ತಂದಾಗ, ಆ ತಾಯಿ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ತಿರುಗಿ ಅಲ್ಲಿಯೇ ಸುರಿದು ಬರಬೇಕೆಂದಳು. ತನ್ನದಲ್ಲದುದು ಒಂದು ಮುಷ್ಟಿಯೂ ಬೇಡವೆಂದವಳ ವಂಶದಲ್ಲಿ ನಾವು ಹುಟ್ಟಿದವರೆಂದು ಹೇಳಿಕೊಳ್ಳುವೆವು. ಪುರದ ಬೊಕ್ಕಸಕ್ಕೆ ಸಲ್ಲಬೇಕಾದುದನ್ನು ಮನೆಯಲ್ಲಿಟ್ಟುಕೊಂಡರೆ ಅದೂ ಆ ಹೆಚ್ಚಿನ ಅಕ್ಕಿಯೇ ಅಲ್ಲವೆ?

ಹಾಗಾದರೆ ಪುರವಾಸಿಗಳು ಮಾಡತಕ್ಕುದೇನು? ಕ್ರಮವಾಗಿ ಹೇಳುವೆನು.

ಮೊದಲನೆಯದು ಮತ. ವಿಧಾನಸಭೆಗೆ ಸಾಲುಗಟ್ಟಿ ನಿಲ್ಲುವ ನಾವು ಪಾಲಿಕೆಯ ಚುನಾವಣೆಯ ದಿನ ರಜೆಯೆಂದು ಊರಿಗೆ ಹೋಗುವೆವು. ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರು ನಾವಿರುವ ವಾರ್ಡಿನಲ್ಲಿಯೇ ಉಂಟೇ ಎಂದು ಮೊದಲೇ ನೋಡಿಕೊಳ್ಳಬೇಕು. ಚುನಾವಣೆಯೇ ತಡವಾದರೆ ಅದನ್ನೂ ಕೇಳಬೇಕು. ಐದು ವರ್ಷದ ಅವಧಿ ಮುಗಿಯುವುದಕ್ಕೆ ಮೊದಲೇ ಹೊಸ ಚುನಾವಣೆ ಆಗತಕ್ಕದ್ದೆಂದು ಸಂವಿಧಾನವು ಹೇಳುವುದು. ಹೀಗಿದ್ದೂ ಹುಬ್ಬಳ್ಳಿ ಧಾರವಾಡ ಪಾಲಿಕೆಯ ಅವಧಿಯು 2019ರಲ್ಲಿ ಮುಗಿದ ಮೇಲೆ, 82 ವಾರ್ಡುಗಳಿಗೆ ಚುನಾವಣೆ ನಡೆದುದು 2021ರ ಸೆಪ್ಟೆಂಬರ್ 3ರಂದು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್ 10ಕ್ಕೆ ಅವಧಿ ಮುಗಿದು, ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಸಭೆಯ ಸ್ಥಾನದಲ್ಲಿ ಕುಳಿತರು. ವಾರ್ಡುಗಳ ವಿಂಗಡಣೆ, ಮೀಸಲಾತಿಯ ತಕರಾರು ಎಂದು ಕಾರಣಗಳಿರಬಹುದು. ಆದರೆ ಪ್ರತಿನಿಧಿಯಿಲ್ಲದ ಓಣಿಗೆ ತನ್ನ ಮಾತನ್ನು ಸಭೆಯಲ್ಲಿ ಹೇಳುವ ಬಾಯಿ ಇರುವುದಿಲ್ಲ.

ಎರಡನೆಯದು ವಾರ್ಡ್ ಸಮಿತಿ. ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇಂಥ ಸಮಿತಿಗಳಿರಬೇಕೆಂದು ಸಂವಿಧಾನದ ವಿಧಿ. 2011ರಲ್ಲಿ ನಮ್ಮ ರಾಜ್ಯದ ಕಾಯಿದೆಯು ತಿದ್ದುಪಡಿಯಾಗಿ, 2016ರಲ್ಲಿ ನಿಯಮಗಳಾದುವು. ವಾರ್ಡಿನ ಸದಸ್ಯನೇ ಅಧ್ಯಕ್ಷ. ಜೊತೆಗೆ ಹತ್ತು ಜನ. ಅವರಲ್ಲಿ ಪರಿಶಿಷ್ಟರು ಇಬ್ಬರಿಗೆ, ಸ್ತ್ರೀಯರು ಮೂವರಿಗೆ, ನಿವಾಸಿಗಳ ಸಂಘದವರು ಇಬ್ಬರಿಗೆ ಕಡಮೆಯಾಗಬಾರದು. ವಾರ್ಡಿನ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಕಸ ನೀರು ದೀಪಗಳ ಮೇಲೆ ಕಣ್ಣಿಡುವುದು ಇದರ ಕೆಲಸ. ಕಾನೂನಿನಲ್ಲಿದ್ದ ಮಾತ್ರಕ್ಕೆ ಸಮಿತಿಯು ಜೀವಂತವಾಗಿರುವುದಿಲ್ಲ. ಕೇಳುವವರಿಲ್ಲದಲ್ಲಿ ಅದು ಕಾಗದದ ಮೇಲೆಯೇ ಉಳಿಯುವುದು. ನಿಮ್ಮ ವಾರ್ಡಿನಲ್ಲಿ ಸಮಿತಿ ಉಂಟೇ, ಎಂದು ಸೇರುವುದು, ನಡವಳಿಯ ಪುಸ್ತಕ ಎಲ್ಲಿರುವುದು ಎಂಬ ಮೂರು ಪ್ರಶ್ನೆಗಳನ್ನು ಈ ವಾರದಲ್ಲಿಯೇ ಕೇಳಿರಿ. ಚಿಕ್ಕ ಊರಿನವರು ನೇರವಾಗಿ ಸದಸ್ಯರನ್ನೇ ಕೂಡಿಸಿ ಓಣಿಯ ಸಭೆ ಮಾಡಿಸಬಹುದು.

ಮೂರನೆಯದು ಅರ್ಜಿಯ ವಿಧಾನ. ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ. ಸ್ಥಳ, ದಿನ, ತೊಂದರೆ, ಬೇಡಿಕೆ, ಇವಿಷ್ಟನ್ನು ಒಂದು ಪುಟದಲ್ಲಿ ಬರೆದು, ಒಂದಕ್ಕೆ ಒಂದೇ ವಿಷಯವನ್ನಿಟ್ಟು, ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರ, ಪರವಾನಿಗೆಗಳಂಥ ಸೇವೆಗಳಿಗೆ 2011ರ ಸಕಾಲ ಕಾಯಿದೆಯು ದಿನಗಳ ಗಡುವನ್ನು ಗೊತ್ತುಮಾಡಿರುವುದು. ಅರ್ಜಿಯ ಸಂಖ್ಯೆಯನ್ನು ತಪ್ಪದೆ ಪಡೆಯಿರಿ. ಕಾಗದವು ಎಲ್ಲಿ ನಿಂತಿದೆಯೆಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯುಂಟು. ಹತ್ತು ರೂಪಾಯಿ ಶುಲ್ಕದೊಡನೆ ಬರೆದು ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಕೊಡದಿದ್ದರೆ ಮೇಲಧಿಕಾರಿಗೂ, ಅಲ್ಲಿಂದ ಮಾಹಿತಿ ಆಯೋಗಕ್ಕೂ ಮೇಲ್ಮನವಿ ಉಂಟು. ಈ ಆಯುಧವನ್ನು ಹಗೆ ತೀರಿಸಿಕೊಳ್ಳಲು ಹಿಡಿಯಬಾರದು.

ನಾಲ್ಕನೆಯದು ಆಯವ್ಯಯದ ಕಾಲವನ್ನು ಅರಿಯುವುದು. ಪಾಲಿಕೆಯ ವರ್ಷವು ಏಪ್ರಿಲ್ 1ಕ್ಕೆ ಮೊದಲಾಗುವುದು. ಅದಕ್ಕೆ ಮೊದಲೇ ಹಣದ ಹಂಚಿಕೆ ಮುಗಿದಿರುವುದು. ಮಳೆ ಬಿದ್ದು ಗಟಾರ ತುಂಬಿದ ಮೇಲೆ ಓಡಿದರೆ "ಈ ವರ್ಷ ಹಣವಿಲ್ಲ" ಎಂಬ ಉತ್ತರ ಸಿದ್ಧವಾಗಿರುವುದು. ಒಕ್ಕಲಿಗನು ಮಳೆಗೆ ಮುಂಚೆ ಹೊಲ ಹದಮಾಡುವಂತೆ, ನಾವು ದೀಪಾವಳಿಯ ಹೊತ್ತಿಗೇ ನಮ್ಮ ಓಣಿಯ ಬೇಡಿಕೆಗಳನ್ನು ಬರೆದು ಕೊಡಬೇಕು.

ಐದನೆಯದು ನಮ್ಮದೇ ಆಚಾರ. ಹಸಿಕಸ ಒಣಕಸಗಳನ್ನು ಮನೆಯಲ್ಲಿಯೇ ಬೇರೆಮಾಡಿ ಕೊಡಬೇಕೆಂದು 2016ರ ನಿಯಮಗಳು ವಿಧಿಸಿದುವು. ಇದಕ್ಕೆ ಯಾವ ಠರಾವೂ ಟೆಂಡರೂ ಬೇಡ. ಬುಟ್ಟಿಗಳಿದ್ದರೆ ಸಾಕು. ಬೆರಕೆ ಕಸದೊಳಗೆ ಬರಿಗೈಯಿಕ್ಕಿ ಆರಿಸುವವರು ಪೌರಕಾರ್ಮಿಕರು. ಶರಣರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನಿಗೆ ಪೂಜೆ ಸಲ್ಲಿಸುವ ನಾವು, ಬೆಳಗ್ಗೆ ಬೀದಿ ಗುಡಿಸುವ ತಾಯಿಗೆ ಕುಡಿಯಲು ಒಂದು ಲೋಟ ನೀರು ಕೊಡಲು ಹಿಂಜರಿದರೆ ನಮ್ಮ ಪೂಜೆಗೆ ಅರ್ಥವೇನು?

ಇಲ್ಲಿ ಮಠದ ವಿಷಯವಾಗಿಯೂ ಒಂದು ಮಾತು. ಸಾರ್ವಜನಿಕ ಪೂಜಾಸ್ಥಾನಗಳಿಗೆ ಆಸ್ತಿತೆರಿಗೆಯ ವಿನಾಯಿತಿಯುಂಟು. ಬಾಡಿಗೆ ತರುವ ಅಂಗಡಿಗಳಿಗೆ ಅದು ಅನ್ವಯಿಸದು. ವಿನಾಯಿತಿ ಪಡೆದ ಮಠವೂ ಊರಿನ ನೀರನ್ನೇ ಕುಡಿಯುವುದು, ಊರಿನ ಗಟಾರಕ್ಕೇ ಬಿಡುವುದು. ಆದುದರಿಂದ ನಮ್ಮ ಋಣವು ಉಳಿದವರಿಗಿಂತ ಹೆಚ್ಚಾಗಿರುವುದು. ಈ ಮಹೋತ್ಸವದ ದಾಸೋಹದಲ್ಲಿ ಉಂಡ ಎಲೆಗಳನ್ನು ಬೀದಿಗೆ ಎಸೆಯದೆ ಮಠದ ಗೊಬ್ಬರದ ಗುಂಡಿಗೇ ಸೇರಿಸಬೇಕೆಂದು ಸನ್ನಿಧಾನದವರು ಅಪ್ಪಣೆ ಮಾಡಿರುವುದು ಇದೇ ಕಾರಣಕ್ಕಾಗಿ. ಮಠವು ಯಾವ ಅಭ್ಯರ್ಥಿಯ ಪಕ್ಷವನ್ನೂ ಹಿಡಿಯತಕ್ಕುದಲ್ಲ. ಆದರೆ ಶುದ್ಧವಾದ ನೀರಿನ ಪಕ್ಷವನ್ನು ಹಿಡಿಯಲು ಹೆದರತಕ್ಕುದೂ ಅಲ್ಲ.

"ನಾವೊಬ್ಬರು ಹೋದರೆ ಆಗುವುದೇನು?" ಎಂದು ಕೇಳುವವರುಂಟು. ಅದಕ್ಕೆ ನನ್ನ ಕಥೆಯ ಉಳಿದ ಭಾಗವೇ ಉತ್ತರ. ಆ ಬಾಲಕನು ನಿಲಯಕ್ಕೆ ತಿರುಗಿ ಬಂದ ಮೇಲೆ ನಾನು ವಾರ್ಡಿನ ಸಭೆಗೆ ಹೋದೆನು. ಮೊದಲ ಸಲ ಐವರಿದ್ದೆವು, ಏನೂ ಆಗಲಿಲ್ಲ. ಎರಡನೆಯ ಸಲ, ನಮ್ಮ ಅರ್ಜಿಯು ಅಂದಾಜುಪಟ್ಟಿಯಿಲ್ಲದೆ ಒಂದು ಕಪಾಟಿನಲ್ಲಿ ನಿಂತಿದೆಯೆಂದು ತಿಳಿಯಿತು. ಮೂರನೆಯ ಸಲ ಓಣಿಯ ತಾಯಂದಿರು ಕೊಡಗಳಲ್ಲಿ ಆ ನೀರನ್ನೇ ತಂದು ಮೇಜಿನ ಮೇಲೆ ಇಟ್ಟರು. ಯಾರೂ ಕೂಗಲಿಲ್ಲ. ಎಂಜಿನಿಯರರು ಮರುದಿನ ಬಂದರು. ಹಣವು ಮುಂದಿನ ವರ್ಷದ ಆಯವ್ಯಯದಲ್ಲಿ ಸೇರಿ, ಕೊಳವೆಯು ಗಟಾರದಿಂದ ಹೊರಗೆ ಬರುವುದಕ್ಕೆ ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಹದಿನಾಲ್ಕು ತಿಂಗಳೆಂದರೆ ದೀರ್ಘವೆನ್ನುವಿರಿ. ನಿಜ. ಆದರೆ ನಾನು ಮೊದಲ ದಿನವೇ ಹೋಗಿದ್ದರೆ ಆ ಲೆಕ್ಕವು ಅಂದೇ ಆರಂಭವಾಗುತ್ತಿತ್ತು. ಆ ಮಳೆಗಾಲಕ್ಕೆ ಕೊಳವೆ ಬದಲಾಗದಿದ್ದರೂ, ನೀರನ್ನು ಕಾಸಿ ಕುಡಿಯಿರೆಂಬ ಎಚ್ಚರವಾದರೂ ಹುಡುಗರಿಗೆ ಸಿಕ್ಕುತ್ತಿತ್ತು.

ಪುರ ಎಂಬ ಶಬ್ದದಿಂದ ಪೌರ ಎಂಬ ಶಬ್ದವು ಸಿದ್ಧಿಸುವುದೆಂದು ಮಕ್ಕಳಿಗೆ ಎಷ್ಟೋ ವರ್ಷ ಹೇಳಿಕೊಟ್ಟೆನು. ಪುರದಲ್ಲಿ ಇದ್ದ ಮಾತ್ರಕ್ಕೆ ಶಬ್ದವು ಸಿದ್ಧಿಸುವುದು, ಮನುಷ್ಯನು ಸಿದ್ಧಿಸುವುದಿಲ್ಲ. ಅದಕ್ಕೆ ಅವನು ಎದ್ದು ಸಭೆಗೆ ಹೋಗಬೇಕು.

ಆ ಬಾಲಕನು ಈಗ ದೊಡ್ಡವನಾಗಿ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿರುವನು. ಈ ಸಭೆಯಲ್ಲಿಯೂ ಕುಳಿತಿರುವನು. ಅವನ ತಂದೆ ನನ್ನನ್ನು ಕೇಳಿದ ಪ್ರಶ್ನೆಯನ್ನು ಇನ್ನಾವ ತಂದೆಯೂ ನಿಮ್ಮನ್ನು ಕೇಳುವ ಪ್ರಸಂಗ ಬಾರದಿರಲೆಂದು ಪ್ರಾರ್ಥಿಸಿ, ನನ್ನ ಮಾತಿನಲ್ಲಿ ಹೆಚ್ಚುಕಡಮೆಗಳಿದ್ದರೆ ಮನ್ನಿಸಬೇಕೆಂದು ಬೇಡಿಕೊಂಡು, ವಿರಮಿಸುವೆನು.